ಸೇತುವೆಯ ತೊಲೆ: ಮೊದಲು ಬಿರುಕನ್ನು ಓದಿ, ಆಮೇಲೆ ಬಲಪಡಿಸಿ

ಸೇತುವೆಗಳ ಕೆಳಗೆ ಏಣಿ ಹಾಕಿ, ಕತ್ತು ಮೇಲೆತ್ತಿ, ಕಾಂಕ್ರೀಟ್ ತೊಲೆಗಳನ್ನು ಪರೀಕ್ಷಿಸುವ ಕೆಲಸದಲ್ಲಿ ನಾನು ಇಪ್ಪತ್ತೇಳು ವರ್ಷ ಕಳೆದಿದ್ದೇನೆ. ವಿಧಾನಗಳನ್ನು ಹೇಳಿಕೊಡುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಮುಂದೆ ಹೇಳುವ ಸಲಹೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟಿದವು.

ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಅದು. ಮೂರು ತೊಲೆಗಳ ಹಳೆಯ ಸೇತುವೆ. ಭಾರಿ ಲಾರಿಗಳ ಓಡಾಟ ಹೆಚ್ಚಿ ತೊಲೆಗಳ ನಡುಭಾಗದಲ್ಲಿ ಬಿರುಕುಗಳು ಕಾಣಿಸಿಕೊಂಡಿದ್ದವು. ನಾನು ಬಾಗುವಿಕೆಯ ಲೆಕ್ಕ ಹಾಕಿದೆ, ಎಷ್ಟು ಉಕ್ಕು ಸಾಲದೆಂದು ಕಂಡುಕೊಂಡೆ, ಅಷ್ಟನ್ನು ತಗಡಿನ ರೂಪದಲ್ಲಿ ತೊಲೆಯ ತಳಕ್ಕೆ ಎಪಾಕ್ಸಿಯಿಂದ ಅಂಟಿಸಿದೆವು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಮರುವರ್ಷ ಹೋಗಿ ನೋಡಿದರೆ ನಡುಭಾಗ ಚೆನ್ನಾಗಿಯೇ ಇತ್ತು. ಆದರೆ ತಗಡು ಮುಗಿಯುವ ಜಾಗದಿಂದ ಹೊಸದೊಂದು ಬಿರುಕು ಹೊರಟು ಓರೆಯಾಗಿ ಮೇಲೇರಿತ್ತು. ತಗಡಿನ ತುದಿ, ತನಗೆ ಅಂಟಿಕೊಂಡಿದ್ದ ಕಾಂಕ್ರೀಟಿನ ಹೊದಿಕೆಯ ಸಮೇತ, ಕಂಬಿಗಳಿಂದ ಬಿಟ್ಟುಕೊಳ್ಳತೊಡಗಿತ್ತು. ಅಂದೇ ಸಂಚಾರ ನಿಲ್ಲಿಸಿ ಕೆಳಗಿನಿಂದ ಆಧಾರ ಕೊಟ್ಟೆವು. ಯಾರಿಗೂ ಪೆಟ್ಟಾಗಲಿಲ್ಲ. ನಾನು ತೊಲೆಯ ನಡುವನ್ನು ಗಟ್ಟಿ ಮಾಡಿ, ಅದರ ತುದಿಗಳನ್ನು ಮರೆತಿದ್ದೆ.

ಅಂದಿನಿಂದ ಯಾವುದೇ ಸೇತುವೆಯ ಕಡತ ತೆರೆದರೂ ಮೊದಲ ಪುಟದಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳುತ್ತೇನೆ: ಈ ತೊಲೆ ಸೋತರೆ ಮೊದಲು ಎಲ್ಲಿ ಸೋಲುತ್ತದೆ, ಸೋಲುವ ಮುನ್ನ ಸೂಚನೆ ಕೊಡುತ್ತದೆಯೇ? ಬಲಪಡಿಸಿದ ಮೇಲೆ ಇದೇ ಪ್ರಶ್ನೆಗೆ ಉತ್ತರ ಏನಾಗುತ್ತದೆ ಎಂಬುದನ್ನೂ ಅದರ ಕೆಳಗೇ ಬರೆಯಬೇಕು.

ಸೂಚನೆ ಕೊಡುವ ಸೋಲು, ಕೊಡದ ಸೋಲು

ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನು ತಡೆಯುವ ಶಕ್ತಿ ಅದರ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಎರಡು ತುದಿಗಳಲ್ಲಿ ಕುಳಿತ ತೊಲೆಯ ಮೇಲೆ ಭಾರ ಬಂದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ತಳದ ಕಾಂಕ್ರೀಟ್ ಬಿರುಕು ಬಿಡುತ್ತದೆ, ಎಳೆತವನ್ನು ಕಂಬಿ ಹೊರುತ್ತದೆ. ಆದ್ದರಿಂದ ನಡುಭಾಗದಲ್ಲಿ ತಳದಿಂದ ನೆಟ್ಟಗೆ ಮೇಲೇರುವ ಕೂದಲೆಳೆಯಂಥ ಬಿರುಕುಗಳನ್ನು ಕಂಡು ಗಾಬರಿಯಾಗಬೇಕಿಲ್ಲ. 0.2ರಿಂದ 0.3 ಮಿ.ಮೀ. ಒಳಗಿದ್ದು, ಒಣಗಿದ್ದು, ಬೆಳೆಯದೇ ಇದ್ದರೆ ಅದು ತೊಲೆ ತನ್ನ ಕೆಲಸ ಮಾಡುತ್ತಿರುವ ಗುರುತು. ಸರಿಯಾಗಿ ವಿನ್ಯಾಸಗೊಂಡ ತೊಲೆಯಲ್ಲಿ ಭಾರ ಮಿತಿ ಮೀರಿದಾಗ ಮೊದಲು ಕಂಬಿ ಹಿಗ್ಗುತ್ತದೆ. ಬಿರುಕುಗಳು ಅಗಲವಾಗುತ್ತವೆ, ತೊಲೆ ಜೋಲುತ್ತದೆ. ಆಗ ಜನರನ್ನು ಇಳಿಸಲು, ರಸ್ತೆ ಮುಚ್ಚಲು ಸಮಯ ಸಿಗುತ್ತದೆ.

ಕತ್ತರಿ ಬಲದ, ಅಂದರೆ ತೊಲೆಯ ಪಕ್ಕಪಕ್ಕದ ಭಾಗಗಳನ್ನು ಒಂದು ಮೇಲಕ್ಕೆ ಒಂದು ಕೆಳಕ್ಕೆ ಜಾರಿಸುವ ಬಲದ, ಸೋಲು ಹಾಗಲ್ಲ. ಆಧಾರದ ಹತ್ತಿರ ಬಿರುಕು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಸಾಗುತ್ತದೆ. ಅದನ್ನು ಹೊಲಿದು ಹಿಡಿಯಬೇಕಾದದ್ದು ಸ್ಟಿರಪ್‌ಗಳು, ಕೆಲಸದ ಜಾಗದಲ್ಲಿ ನಾವು ರಿಂಗ್ ಎನ್ನುವ ಕಂಬಿಗಳು. ಅವು ಸಾಲದೇ ಹೋದರೆ ತೊಲೆ ಜೋಲುವ ಮೊದಲೇ ತುಂಡಾಗಬಹುದು. 2006ರ ಸೆಪ್ಟೆಂಬರ್ 30ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲವಾಲ್‌ನಲ್ಲಿ ಡಿ ಲಾ ಕಾಂಕೋರ್ಡ್ ಮೇಲ್ಸೇತುವೆ ಕುಸಿದು ಐವರು ಸತ್ತರು. ಕುಸಿದದ್ದು ತೊಲೆಯಲ್ಲ, ಆಧಾರದಿಂದ ಮುಂದಕ್ಕೆ ಚಾಚಿದ್ದ ದಪ್ಪ ಸ್ಲ್ಯಾಬಿನ ಭಾಗ. ಆದರೆ ಕಥೆ ಅದೇ. ಆ ಭಾಗದಲ್ಲಿ ಕತ್ತರಿ ಬಲಕ್ಕೆ ಕಂಬಿ ಇರಲಿಲ್ಲ, ಇದ್ದ ಕಂಬಿಗಳೂ ಜಾಗ ತಪ್ಪಿ ಕುಳಿತಿದ್ದವು, ಬಿರುಕು ಒಳಗೊಳಗೇ ಬೆಳೆದಿತ್ತು. ಕುಸಿಯುವ ಮುನ್ನ ಕಾಂಕ್ರೀಟ್ ಚೂರುಗಳು ಬಿದ್ದಿದ್ದವು, ಸಿಬ್ಬಂದಿಯೊಬ್ಬರು ಬಂದು ನೋಡಿಯೂ ಹೋಗಿದ್ದರು. ಹೊರಗಿನಿಂದ ನೋಡಿದವರಿಗೆ ಒಳಗಿನದು ತಿಳಿಯುವಂತಿರಲಿಲ್ಲ. ಹೊಸ ಎಂಜಿನಿಯರುಗಳಿಗೆ ನಾನು ಈ ಘಟನೆಯನ್ನು ತಪ್ಪದೆ ಹೇಳುತ್ತೇನೆ.

ಬಾಗುವಿಕೆಗೆ ಮಾತ್ರ ಬಲ ಕೊಟ್ಟರೆ ಆಗುವ ಅಪಾಯ ಇದೇ. ಸೂಚನೆ ಕೊಟ್ಟು ಸೋಲುತ್ತಿದ್ದ ತೊಲೆಯನ್ನು ನಾವು ಕೈಯಾರೆ ಸೂಚನೆಯಿಲ್ಲದೆ ಸೋಲುವ ತೊಲೆಯನ್ನಾಗಿ ಮಾಡುತ್ತೇವೆ.

ಕೆಳಗೆ ನಿಂತು ನೋಡುವ ಕ್ರಮ

ತೊಲೆಗಿಂತ ಮೊದಲು ನೀರನ್ನು ಹುಡುಕಿ. ಮೇಲೆ ಹೋಗಿ ಎಕ್ಸ್‌ಪಾನ್ಷನ್ ಜಾಯಿಂಟ್ (ಹಿಗ್ಗಲು ಕುಗ್ಗಲು ತೊಲೆಯ ತುದಿಯಲ್ಲಿ ಬಿಟ್ಟ ಸಂದು), ನೀರು ಹರಿಯುವ ಕೊಳವೆ, ಪಕ್ಕದ ಕಟ್ಟೆಯ ಬುಡ ಇವನ್ನು ನೋಡಿ, ನೀರು ಎಲ್ಲಿ ಇಳಿಯುತ್ತಿದೆಯೆಂದು ಗುರುತು ಹಾಕಿಕೊಂಡು ಆಮೇಲೆ ಕೆಳಗಿಳಿಯಿರಿ. ನಾನು ಕಂಡ ಕೆಟ್ಟ ತೊಲೆಗಳಲ್ಲಿ ಬಹುಪಾಲು ಕೆಟ್ಟದ್ದು ತುದಿಯಲ್ಲಿ, ಸೋರುವ ಜಾಯಿಂಟಿನ ಅಡಿಯಲ್ಲಿ.

ಕೆಳಗೆ ಬೇಕಾದವು ಟಾರ್ಚು, ಬಿರುಕಿನ ಅಗಲ ಅಳೆಯುವ ಗೀರುಪಟ್ಟಿ, ಸುತ್ತಿಗೆ, ಬಣ್ಣದ ಸೀಮೆಸುಣ್ಣ. ಟಾರ್ಚನ್ನು ಕಾಂಕ್ರೀಟಿಗೆ ನೇರ ಹಿಡಿಯಬೇಡಿ. ಪಕ್ಕದಿಂದ, ಮೇಲ್ಮೈಗೆ ತಾಗಿಸಿದಂತೆ ಹಾಯಿಸಿದರೆ ಬಿರುಕಿನ ಅಂಚಿಗೆ ನೆರಳು ಬಿದ್ದು ಎದ್ದು ಕಾಣುತ್ತದೆ. ಪ್ರತಿ ಬಿರುಕಿನ ಎರಡು ತುದಿಗಳಿಗೂ ಅಡ್ಡ ಗೆರೆ ಎಳೆದು ದಿನಾಂಕ ಬರೆಯಿರಿ. ಆರು ತಿಂಗಳ ನಂತರ ಬಿರುಕು ಗೆರೆ ದಾಟಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಿರುಕುಗಳಲ್ಲಿ ಮೂರು ಬಗೆಯವನ್ನು ಬೇರೆ ಮಾಡಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ನಡುವಿನಲ್ಲಿ ನೆಟ್ಟಗೆ ನಿಂತವು ಬಾಗುವಿಕೆಯವು. ತುದಿಯಲ್ಲಿ ಓರೆಯಾದವು ಕತ್ತರಿ ಬಲದವು. ಇಂಥದ್ದು ಕಂಡರೆ ಅಗಲ ಎಷ್ಟೇ ಇರಲಿ, ಅಂದೇ ಮೇಲಿನವರಿಗೆ ತಿಳಿಸಿ. ಮೂರನೆಯದು ಕಂಬಿಯ ಉದ್ದಕ್ಕೇ ಸಾಗುವ ಬಿರುಕು. ಅದು ಭಾರದಿಂದ ಹುಟ್ಟಿದ್ದಲ್ಲ. ತುಕ್ಕು ತಾನು ತಿಂದ ಉಕ್ಕಿನ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಹೊದಿಕೆ ಸೀಳುತ್ತದೆ. ಅಂಚಿನಲ್ಲಿ ಕಂದು ಕಲೆ, ಕೆಲವೆಡೆ ಸುಣ್ಣ ಸೋರಿದ ಬಿಳಿ ಗೆರೆ. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಾಂಕ್ರೀಟ್ ಠಣ್ಣೆನ್ನುತ್ತದೆ, ಬಿಟ್ಟುಕೊಂಡದ್ದು ಖಾಲಿ ಡಬ್ಬದಂತೆ ಡಬಡಬ ಎನ್ನುತ್ತದೆ. ಕಿವಿಗೆ ಕೇಳಿದ ಗಡಿಯನ್ನು ಸೀಮೆಸುಣ್ಣದಿಂದ ಸುತ್ತುಹಾಕುತ್ತಾ ಹೋಗಿ.

ಆಧಾರದ ಬಳಿಯ ಎಲ್ಲ ಬಿರುಕುಗಳೂ ತೊಲೆಯ ದೌರ್ಬಲ್ಯದಿಂದ ಬಂದವಲ್ಲ. ತೊಲೆಯ ತುದಿಯನ್ನು ಹೊತ್ತು ಜರುಗಲು ಬಿಡುವ ಬೇರಿಂಗ್ ತುಕ್ಕು ಹಿಡಿದು ಜಾಮ್ ಆಗಿದ್ದರೆ ಬಿಸಿಲಿಗೆ ಹಿಗ್ಗುವ, ತಂಪಿಗೆ ಕುಗ್ಗುವ ತೊಲೆಗೆ ಜರುಗಲು ಎಡೆಯಿರುವುದಿಲ್ಲ. ತುದಿಯ ಕಾಂಕ್ರೀಟ್ ಒಡೆಯುತ್ತದೆ. ಅಲ್ಲಿ ಬೇಕಾದದ್ದು ಹೊಸ ಬೇರಿಂಗ್.

ಮೂರು ಮಿಲಿಮೀಟರಿನ ಲೆಕ್ಕ

ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ. 20 ಮೀಟರ್ ಉದ್ದದ ತೊಲೆ, ತಳದ ಅಗಲ 400 ಮಿ.ಮೀ., ಮೇಲಂಚಿನಿಂದ ಕಂಬಿಗಳ ನಡುವಿನವರೆಗಿನ ಆಳ 1,200 ಮಿ.ಮೀ. 32 ಮಿ.ಮೀ.ಯ ಎಂಟು ಕಂಬಿಗಳು ಎರಡು ಸಾಲಿನಲ್ಲಿ. ಒಟ್ಟು ಸುಮಾರು 6,430 ಚದರ ಮಿ.ಮೀ. ಉಕ್ಕು.

ಕೆಳಸಾಲಿನ ನಾಲ್ಕು ಕಂಬಿಗಳ ವ್ಯಾಸ ತುಕ್ಕಿನಿಂದ 29 ಮಿ.ಮೀ.ಗೆ ಇಳಿದಿದೆ ಎನ್ನೋಣ. ಪ್ರತಿ ಕಂಬಿ ಶೇ 18ರಷ್ಟು ಕಳೆದುಕೊಂಡಿತು. ಎಂಟನ್ನೂ ಸೇರಿಸಿ ನೋಡಿದರೆ ನಷ್ಟ 575 ಚದರ ಮಿ.ಮೀ., ಅಂದರೆ ಶೇ 9. ಕೆಟ್ಟದ್ದೇ, ಆದರೆ ಕೈಮೀರಿದ್ದಲ್ಲ. ಈಗ ಸ್ಟಿರಪ್ ನೋಡಿ. ಅದು 10 ಮಿ.ಮೀ. ಕಂಬಿ, ಮುಖ್ಯ ಕಂಬಿಗಿಂತ ಹೊರಗಡೆ ಇರುತ್ತದೆ, ನೀರು ಮೊದಲು ತಲುಪುವುದು ಅದನ್ನೇ. ಅದೇ 3 ಮಿ.ಮೀ. ಅಲ್ಲಿ ಹೋದರೆ ಉಳಿಯುವುದು 7 ಮಿ.ಮೀ., ಅಂದರೆ ಶೇ 51ರಷ್ಟು ಉಕ್ಕು ಹೋಯಿತು. ಒಂದೇ ತುಕ್ಕು ಮುಖ್ಯ ಕಂಬಿಯ ಐದನೆಯ ಒಂದು ಭಾಗವನ್ನೂ ಮುಟ್ಟದೆ ಸ್ಟಿರಪ್ಪಿನ ಅರ್ಧಕ್ಕಿಂತ ಹೆಚ್ಚನ್ನು ತಿಂದುಹಾಕಿತು. ಹಳೆಯ ತೊಲೆಯಲ್ಲಿ ಕತ್ತರಿ ಬಲದ ಲೆಕ್ಕವನ್ನು ಮೊದಲು ಮಾಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಚಿಪ್ಪೆದ್ದ ಜಾಗದಲ್ಲಿ ತುಕ್ಕನ್ನು ಉಜ್ಜಿ ತೆಗೆದು, ಉಳಿದ ಹೊಳೆಯುವ ಉಕ್ಕಿಗೆ ವರ್ನಿಯರ್ ಹಿಡಿದು ಅಳೆಯಿರಿ. ನಕ್ಷೆಯಲ್ಲಿ ಬರೆದ ವ್ಯಾಸವನ್ನು ಲೆಕ್ಕಕ್ಕೆ ಹಾಕಬೇಡಿ.

ಪರೀಕ್ಷೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹೊದಿಕೆಯ ದಪ್ಪಕ್ಕೆ ಕವರ್ ಮೀಟರ್. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ಎಂಬ ಸೂಚಕ ದ್ರವ ಸಿಂಪಡಿಸಿದರೆ ಗುಲಾಬಿಯಾದ ಭಾಗದಲ್ಲಿ ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರತೆ ಉಳಿದಿದೆ. ಬಣ್ಣ ಬರದ ಭಾಗ ಕಂಬಿಯವರೆಗೆ ಹೋಗಿದ್ದರೆ ಕಂಬಿಗೆ ರಕ್ಷಣೆ ಇಲ್ಲ. ಕಂಬಿಯ ವಿದ್ಯುತ್ ಒತ್ತಡ ಅಳೆಯುವ ಹಾಫ್ ಸೆಲ್ ಪರೀಕ್ಷೆಯಲ್ಲಿ, ತಾಮ್ರ-ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿಗೆ ಹೋಲಿಸಿ, ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗಿದ್ದರೆ ತುಕ್ಕು ನಡೆಯುತ್ತಿರುವ ಸಂಭವ ಶೇ 90ಕ್ಕಿಂತ ಹೆಚ್ಚು. ಕಾಂಕ್ರೀಟಿಗೆ ಬಡಿದು ಎಷ್ಟು ಪುಟಿಯಿತೆಂದು ಅಳೆಯುವ ರಿಬೌಂಡ್ ಹ್ಯಾಮರ್ ಒಂದನ್ನೇ ನಂಬಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದ ಹಳೆಯ ಮೇಲ್ಮೈ ಗಡುಸಾಗಿರುತ್ತದೆ, ಅಂಕಿ ಹೆಚ್ಚು ಬರುತ್ತದೆ. ಕೋರ್, ಅಂದರೆ ಕಾಂಕ್ರೀಟಿನ ದುಂಡು ತುಂಡು, ಕೊರೆದು ತೆಗೆದು ಯಂತ್ರದಲ್ಲಿ ಒಡೆಯುವವರೆಗೆ ಒತ್ತಿದ ಮೇಲೆ ಬಂದ ಸಂಖ್ಯೆಯೇ ಸಂಖ್ಯೆ.

ಬಲ ಕೊಡುವ ಮೊದಲು ಭಾರ ಇಳಿಸಿ

ಹಲವರು ಗಮನಿಸದ ಸಂಗತಿ ಇದು. ತೊಲೆ ಈಗಾಗಲೇ ತನ್ನ ತೂಕ, ಸ್ಲ್ಯಾಬಿನ ತೂಕ, ಡಾಂಬರಿನ ತೂಕ ಹೊತ್ತು ಬಾಗಿ ನಿಂತಿದೆ. ಅದರ ತಳಕ್ಕೆ ನಾವು ಅಂಟಿಸಿದ ಪಟ್ಟಿಗೆ ಆ ಹಳೆಯ ಭಾರದ ಅರಿವೇ ಇರುವುದಿಲ್ಲ. ಅಂಟಿಸಿದ ಮೇಲೆ ಬಂದ ಭಾರದಲ್ಲಿ ಮಾತ್ರ ಅದು ಹೆಗಲು ಕೊಡುತ್ತದೆ. ಜಾಕ್‌ಗಳಿಂದ ತೊಲೆಯನ್ನು ಸ್ವಲ್ಪ ಎತ್ತಿ ಹಿಡಿದು ಅಂಟಿಸಿದರೆ, ಜಾಕ್ ಇಳಿಸಿದಾಗ ಅಷ್ಟು ಭಾರ ಹೊಸ ಪಟ್ಟಿಗೂ ಹಂಚಿಕೆಯಾಗುತ್ತದೆ. ಎತ್ತುವಾಗ ಎಲ್ಲ ತೊಲೆಗಳೂ ಒಟ್ಟಿಗೆ, ಮಿಲಿಮೀಟರ್ ಲೆಕ್ಕದಲ್ಲಿ ಏಳಬೇಕು. ಒಂದು ಮುಂದೆ ಒಂದು ಹಿಂದೆ ಆದರೆ ಅಡ್ಡ ತೊಲೆಗಳೂ ಸ್ಲ್ಯಾಬೂ ಸೀಳುತ್ತವೆ.

ಅದಕ್ಕಿಂತ ಸುಲಭದ ಒಂದು ಕೆಲಸವಿದೆ. ಸೇತುವೆಯ ಮೇಲಿನ ಡಾಂಬರಿನ ದಪ್ಪ ಅಳೆಯಿರಿ. ರಸ್ತೆ ಕೆಟ್ಟಾಗಲೆಲ್ಲ ಹಳೆಯದನ್ನು ಕೀಳದೆ ಅದರ ಮೇಲೇ ಹೊಸ ಪದರ ಹಾಕುತ್ತಾ ಬಂದಿರುತ್ತಾರೆ. ಮೇಲಿನ ಲೆಕ್ಕದ ತೊಲೆಯನ್ನೇ ತೆಗೆದುಕೊಳ್ಳಿ: ತೊಲೆಗಳ ನಡುವೆ 2.5 ಮೀಟರ್ ಅಂತರ, 100 ಮಿ.ಮೀ. ಹೆಚ್ಚುವರಿ ಡಾಂಬರು. ಮೀಟರಿಗೆ ಸುಮಾರು 5.5 ಕಿಲೋನ್ಯೂಟನ್ ಭಾರ. 20 ಮೀಟರಿನ ನಡುವಿನಲ್ಲಿ ಅದರ ಬಾಗುಬಲ 275 ಕಿಲೋನ್ಯೂಟನ್-ಮೀಟರ್. ತುಕ್ಕಿನಿಂದ ಹೋದ 575 ಚದರ ಮಿ.ಮೀ. ಉಕ್ಕು, 415 ಮೆಗಾಪಾಸ್ಕಲ್ ಬಲದ್ದೆಂದುಕೊಂಡರೆ, ಹೊರುತ್ತಿದ್ದ ಬಾಗುಬಲ ಸುಮಾರು 257 ಕಿಲೋನ್ಯೂಟನ್-ಮೀಟರ್. ಹಳೆಯ ಪದರಗಳನ್ನು ಕಿತ್ತು ತೆಗೆದರೆ, ತೊಲೆಯನ್ನು ಮುಟ್ಟದೆಯೇ ಬಾಗುವಿಕೆಯ ನಷ್ಟ ತುಂಬಿದಂತಾಯಿತು. ಈ ಲೆಕ್ಕ ಸ್ಥೂಲವಾದದ್ದು, ಆದರೆ ದಾರಿ ತೋರಿಸುತ್ತದೆ.

ಯಾವ ವಿಧಾನ

ಚಿಪ್ಪೆದ್ದ ಕಾಂಕ್ರೀಟನ್ನು ಸರಿಪಡಿಸದೆ ಅದರ ಮೇಲೆ ಏನನ್ನೂ ಅಂಟಿಸಬಾರದು. ಕೆಟ್ಟ ಭಾಗವನ್ನು ಕಂಬಿಯ ಹಿಂದಕ್ಕೂ 20-25 ಮಿ.ಮೀ. ಹೋಗುವಂತೆ ಕಡಿಯಿರಿ, ಬೆರಳು ಕಂಬಿಯ ಸುತ್ತ ಹಾಯಬೇಕು. ಅಂಚನ್ನು ಗರಗಸದಿಂದ ನೆಟ್ಟಗೆ ಕೊಯ್ಯಿರಿ. ತೆಳ್ಳಗೆ ಸವರಿದ ಅಂಚು ಬೇಗ ಏಳುತ್ತದೆ. ಉಪ್ಪಿನಂಶ ಸೇರಿದ ತೊಲೆಯಾದರೆ ತೇಪೆಯ ಸುತ್ತಲಿನ ಹಳೆಯ ಕಾಂಕ್ರೀಟಿನಲ್ಲಿ ತುಕ್ಕು ಇನ್ನೂ ಚುರುಕಾಗುತ್ತದೆ. ಅಂಥಲ್ಲಿ ತೇಪೆಯ ಅಂಚಿನ ಕಂಬಿಗೆ ಸತುವಿನ ಆನೋಡ್ (ತಾನು ಸವೆದು ಕಂಬಿಯನ್ನು ಕಾಯುವ ತುಂಡು) ಕಟ್ಟುವುದು ಒಳ್ಳೆಯದು.

ತೊಲೆಗೆ ಬಲವೂ ಬೇಕು, ಬಿಗಿಯೂ ಬೇಕು ಎಂದಾದರೆ ಹೊಸ ಕಾಂಕ್ರೀಟಿನ ಕವಚ ಸರಿ. ಹಳೆಯ ಮೈಯನ್ನು ಸುಮಾರು 6 ಮಿ.ಮೀ. ಏರುಪೇರಾಗುವಂತೆ ಒರಟು ಮಾಡಿ, ಕಂಬಿಗಳನ್ನು ಕೊರೆದು ಕೂರಿಸಿ. ಹೊಸ ತೂಕವನ್ನು ಬೇರಿಂಗೂ ಅಡಿಪಾಯವೂ ಹೊರಬೇಕು ಎಂಬುದನ್ನು ಮರೆಯಬೇಡಿ. ಹೊರಗಿನಿಂದ ಕೇಬಲ್ ಎಳೆದು ಬಿಗಿಯುವ ವಿಧಾನಕ್ಕೆ ಒಂದು ಹಿರಿಮೆ ಇದೆ: ಅದು ಹಳೆಯ ಭಾರವನ್ನೂ ಹೊರುತ್ತದೆ, ಬಿರುಕುಗಳನ್ನು ಮುಚ್ಚಿಸುತ್ತದೆ. ಆದರೆ ಕೇಬಲ್ ಹಿಡಿಯುವ ತುದಿಯ ಕಾಂಕ್ರೀಟ್ ಗಟ್ಟಿ ಇರಬೇಕು.

ಇಂದು ಹೆಚ್ಚು ಕೇಳಿಬರುವುದು ಕಾರ್ಬನ್ ಫೈಬರ್, ಅಂದರೆ ಕಾರ್ಬನ್ ಎಳೆಗಳ ಪಟ್ಟಿಯನ್ನೋ ಬಟ್ಟೆಯನ್ನೋ ತೊಲೆಗೆ ಅಂಟಿಸುವುದು. 1991ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್ ಬಳಿಯ ಇಬಾಖ್ ಸೇತುವೆಯಲ್ಲಿ, ಕೊರೆಯುವಾಗ ಒಳಗಿನ ಕೇಬಲ್ ತುಂಡಾದ ಪೆಟ್ಟಿಗೆ ಆಕಾರದ ತೊಲೆಯನ್ನು ಹೀಗೆ ಬಲಪಡಿಸಿದರು. 175 ಕಿಲೋ ಉಕ್ಕು ಬೇಕಿದ್ದಲ್ಲಿ 6.2 ಕಿಲೋ ಕಾರ್ಬನ್ ಸಾಕಾಯಿತು. ತೂಕವಿಲ್ಲ, ತುಕ್ಕಿಲ್ಲ. ಆದರೆ ಅಂಟಿಗಿಂತ, ಅಂಟು ಹಿಡಿದ ಕಾಂಕ್ರೀಟಿಗಿಂತ ಪಟ್ಟಿ ಗಟ್ಟಿಯಾಗಿದ್ದು ಏನೂ ಪ್ರಯೋಜನವಿಲ್ಲ. 100 ಮಿ.ಮೀ. ಅಗಲ, 1.4 ಮಿ.ಮೀ. ದಪ್ಪದ ಪಟ್ಟಿ ಹರಿಯಲು ಸುಮಾರು 2,800 ಮೆಗಾಪಾಸ್ಕಲ್ ಬೇಕು. 25 ಮೆಗಾಪಾಸ್ಕಲ್ ಕಾಂಕ್ರೀಟಿನ ಮೇಲೆ ಅಂಟಿಸಿದರೆ, ಅಮೆರಿಕದ ಕಾಂಕ್ರೀಟ್ ಸಂಸ್ಥೆಯ (ಎಸಿಐ) 440.2ಆರ್ ಮಾರ್ಗದರ್ಶಿಯ ಸೂತ್ರದಂತೆ, ಅದು ಸುಮಾರು 700ರಲ್ಲೇ ಕಳಚಿಕೊಳ್ಳುತ್ತದೆ. ನಾಲ್ಕನೆಯ ಒಂದು ಭಾಗ! ಪಟ್ಟಿಯೊಂದಕ್ಕೆ 98 ಕಿಲೋನ್ಯೂಟನ್. ನಮ್ಮ ತೊಲೆಯ ಕಂಬಿಗಳು ಕಳೆದುಕೊಂಡ ಎಳೆತದ ಬಲ (575 × 415) ಸುಮಾರು 238 ಕಿಲೋನ್ಯೂಟನ್. ಮೂರು ಪಟ್ಟಿ ಹಾಕಿ, ಆ ಮಾರ್ಗದರ್ಶಿ ಹೇಳುವ 0.85ರ ಕಡಿತ ಹಿಡಿದರೆ 250 ಬರುತ್ತದೆ, ಸಾಕು. ಕ್ಯಾಟಲಾಗಿನ 2,800 ನೋಡಿ ಒಂದೇ ಪಟ್ಟಿ ಸಾಕೆಂದವರನ್ನು ನಾನು ಕಂಡಿದ್ದೇನೆ.

ಅದೇ ಮಾರ್ಗದರ್ಶಿಯ ಇನ್ನೊಂದು ನಿಯಮವನ್ನು ನಾನು ಎಂದೂ ಸಡಿಲಿಸುವುದಿಲ್ಲ: ಪಟ್ಟಿಯೇ ಇಲ್ಲದ ತೊಲೆ, ಸ್ಥಿರ ಭಾರದ 1.1 ಪಟ್ಟು ಮತ್ತು ಚಲಿಸುವ ಭಾರದ 0.75 ಪಟ್ಟನ್ನು ಹೊರುವಂತಿರಬೇಕು. ಸೇತುವೆಯ ಅಡಿಯಲ್ಲಿ ಬೆಂಕಿ ಬಿದ್ದರೆ, ಎತ್ತರದ ವಾಹನ ತಳಕ್ಕೆ ಉಜ್ಜಿದರೆ ಪಟ್ಟಿ ಹೋಗುತ್ತದೆ, ಸೇತುವೆ ಉಳಿಯಬೇಕು. ಸಾಮಾನ್ಯ ತಾಪದಲ್ಲಿ ಗಟ್ಟಿಯಾಗುವ ಎಪಾಕ್ಸಿ 60ರಿಂದ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.

ಅಂಟಿಸುವ ದಿನ

0.3 ಮಿ.ಮೀ.ಗಿಂತ ಅಗಲದ ಬಿರುಕುಗಳಿಗೆ ತೆಳು ಎಪಾಕ್ಸಿಯನ್ನು ಒತ್ತಡದಿಂದ ತುಂಬಿ ಮುಗಿಸಿರಬೇಕು. ಕೆಳಗಿನ ರಂಧ್ರದಿಂದ ಶುರುಮಾಡಿ, ಮೇಲಿನದರಲ್ಲಿ ಎಪಾಕ್ಸಿ ಕಂಡ ಮೇಲೆ ಅಲ್ಲಿಗೆ ಸರಿಯಿರಿ.

ಕಾಂಕ್ರೀಟಿನ ಮೇಲಿನ ಸಿಮೆಂಟಿನ ಕೆನೆಯನ್ನು ಉಜ್ಜಿ, ಒಳಗಿನ ಜಲ್ಲಿಯ ಮುಖ ಅಲ್ಲಲ್ಲಿ ಇಣುಕುವಷ್ಟು ತೆಗೆಯಿರಿ. ಕಾರ್ಬನ್ ಬಟ್ಟೆ ಸುತ್ತುವ ಮೂಲೆಗಳನ್ನು ಕನಿಷ್ಠ 13 ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿಸಿ. ಬಿಲ್ಲೆ ಅಂಟಿಸಿ ಎಳೆಯುವ ಪರೀಕ್ಷೆಯಲ್ಲಿ 1.4 ಮೆಗಾಪಾಸ್ಕಲ್ ದಾಟಬೇಕು, ಕಿತ್ತು ಬಂದ ಬಿಲ್ಲೆಗೆ ಕಾಂಕ್ರೀಟ್ ಅಂಟಿಕೊಂಡಿರಬೇಕು. ಬಿಲ್ಲೆ ಬರಿಯದಾಗಿ ಬಂದರೆ ಅಂಟು ಹಿಡಿದಿಲ್ಲ, ಮತ್ತೆ ಉಜ್ಜಿ. ಮೇಲ್ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಯಾಗಿ ಕೂರುವ ತಾಪ) 3 ಡಿಗ್ರಿಯಾದರೂ ಬೆಚ್ಚಗಿರಬೇಕು.

ಕಾರ್ಬನ್ ಪಟ್ಟಿಯ ಅಂಟಿಸುವ ಮುಖವನ್ನು ಬಿಳಿ ಬಟ್ಟೆಗೆ ದ್ರಾವಕ ಹಾಕಿ ಒರೆಸಿ. ಮೊದಲ ಸಲ ಬಟ್ಟೆ ಕರಿ ಮಸಿಯಾಗುತ್ತದೆ. ಬಟ್ಟೆ ಬದಲಿಸಿ ಮತ್ತೆ ಒರೆಸಿ. ಬಿಳಿಯಾಗಿಯೇ ಬರುವವರೆಗೆ ಬಿಡಬೇಡಿ. ನಾನು ಆ ಕೊನೆಯ ಬಟ್ಟೆಯನ್ನು ನನ್ನ ಕೈಗೆ ತರಿಸಿಕೊಂಡು ನೋಡದೆ ಅಂಟು ಕಲಸಲು ಒಪ್ಪಿಗೆ ಕೊಡುವುದಿಲ್ಲ. ಎಪಾಕ್ಸಿಯನ್ನು ಸ್ವಲ್ಪ ಸ್ವಲ್ಪವೇ ಕಲಸಿ, ದೊಡ್ಡ ಮುದ್ದೆ ಡಬ್ಬಿಯಲ್ಲೇ ಬಿಸಿಯಾಗಿ ಕಟ್ಟಿಕೊಳ್ಳುತ್ತದೆ. ಪಟ್ಟಿಯ ಮೇಲೆ ಅದನ್ನು ನಡುವೆ ಎತ್ತರ, ಅಂಚಿಗೆ ಇಳಿಜಾರಾಗಿ ಬಳಿಯಿರಿ. ಒತ್ತಿದಾಗ ಗಾಳಿ ನಡುವಿನಿಂದ ಹೊರಗೆ ಹೋಗುತ್ತದೆ, ಎರಡೂ ಅಂಚಿನಿಂದ ಅಂಟು ಉಕ್ಕಬೇಕು. ಕಾರ್ಬನ್ ಉಕ್ಕಿಗೆ ನೇರ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಉಕ್ಕಿಗೆ ತುಕ್ಕು ಬೇಗ ಹತ್ತುತ್ತದೆ. ಅಂಟು ಬಿಗಿಯುವವರೆಗೆ ಮೇಲೆ ವಾಹನ ಬಿಡಬೇಡಿ.

ಪಟ್ಟಿಯ ತುದಿಗಳಿಗೆ ಕಾರ್ಬನ್ ಬಟ್ಟೆಯನ್ನು ತಳದಿಂದ ಎರಡು ಪಕ್ಕಗಳಿಗೂ ಸುತ್ತಿ ಬಿಗಿಯಿರಿ. ನನ್ನ ಆ ಮೊದಲ ಸೇತುವೆಯಲ್ಲಿ ಇದೊಂದಿದ್ದರೆ ತಗಡು ಅಷ್ಟು ಸುಲಭವಾಗಿ ಏಳುತ್ತಿರಲಿಲ್ಲ. ಆಧಾರದ ಬಳಿ ಇಂಥವೇ ಸುತ್ತುಗಳು ಕತ್ತರಿ ಬಲವನ್ನೂ ಹೊರುತ್ತವೆ. ಲೆಕ್ಕದಲ್ಲಿ ಅವುಗಳ ಹಿಗ್ಗುವಿಕೆಯನ್ನು ಉದ್ದದ 0.004 ಪಾಲಿಗಿಂತ ಹೆಚ್ಚು ಹಿಡಿಯಬೇಡಿ. ತಳ ದಪ್ಪಗಿದ್ದು ಮೇಲೆ ಸಪೂರವಾದ ತೊಲೆಯಲ್ಲಿ ಬಟ್ಟೆ ಒಳಮೂಲೆಯಲ್ಲಿ ಬಿಗಿದಾಗ ಹೊರಕ್ಕೆ ಎದ್ದುಬರುತ್ತದೆ. ಅಲ್ಲಿ ಆ್ಯಂಕರ್ ಇಲ್ಲದೆ ಸುತ್ತಬೇಡಿ.

ಅಂಟು ಗಟ್ಟಿಯಾದ ಮೇಲೆ, 24 ಗಂಟೆಯಾದರೂ ಕಳೆದ ಬಳಿಕ, ಉದ್ದಕ್ಕೂ ನಾಣ್ಯದಿಂದ ತಟ್ಟುತ್ತಾ ಹೋಗಿ. ಸುತ್ತಿದ ಬಟ್ಟೆಯಲ್ಲಿ 1,300 ಚದರ ಮಿ.ಮೀ.ಗಿಂತ ಚಿಕ್ಕ ಪೊಳ್ಳುಗಳು ಅಲ್ಲೊಂದು ಇಲ್ಲೊಂದು ಇದ್ದರೆ ಬಿಡಬಹುದು, ದೊಡ್ಡವನ್ನು ತುಂಬಬೇಕು ಅಥವಾ ಕತ್ತರಿಸಿ ಮತ್ತೆ ಹಾಕಬೇಕು. ಪಟ್ಟಿಯ ತುದಿಯಲ್ಲಿ ಮಾತ್ರ ಎಷ್ಟೇ ಚಿಕ್ಕ ಪೊಳ್ಳನ್ನೂ ನಾನು ಬಿಡುವುದಿಲ್ಲ. ಆಮೇಲೆ ತುದಿಗಳ ಪಕ್ಕದ ಕಾಂಕ್ರೀಟಿನ ಮೇಲೆ ಸೀಮೆಸುಣ್ಣದಿಂದ ದಿನಾಂಕ ಬರೆದು, ಚಿತ್ರ ತೆಗೆದಿಟ್ಟು, ಮೊದಲ ಮಳೆ ಬಿದ್ದ ದಿನವೇ ಅದೇ ಏಣಿ ಹಾಕಿ ಜಾಯಿಂಟಿನ ಅಡಿಯಲ್ಲಿ ನಿಂತು, ನೀರು ಇನ್ನೂ ತೊಲೆಯ ಮೇಲೆ ಇಳಿಯುತ್ತಿದೆಯೇ ಎಂದು ನೋಡಿ ಬನ್ನಿ.